ಗಳಿಗೆ ಮುರಿಯದ ಸೀರೆ

ನನ್ನನ್ನು ಕೆಣಕಬೇಕೆಂದರೆ ಪ್ಲಾಸ್ಟಿಕ್ ಚೀಲದಲ್ಲಿ ಕೊತ್ತಂಬರಿ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರೆ ಸಾಕು. ಕಿತ್ತೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಮಕ್ಕಳಿಗೆ ಹೇಳುವುದನ್ನೇ ಮನೆಯಲ್ಲೂ ಹೇಳುತ್ತೇನೆ, ಬೈಲಹೊಂಗಲದಿಂದ ದಿನಾ ಹೋಗಿಬರುವ ಬಸ್ಸಿನಲ್ಲೂ ಹೇಳುತ್ತೇನೆ. ಅದರ ಕಂಡಕ್ಟರ್ ನನ್ನ ಎದುರು ಖಾಲಿ ಬಾಟಲಿಯನ್ನು ಕಿಟಕಿಯಿಂದ ಎಸೆಯುವುದಿಲ್ಲ. ನಾನು ಇಳಿದ ಮೇಲೆ ಎಸೆಯುತ್ತಾನೇನೋ. ಗಂಡ ನನಗೆ ‘ಮುನ್ಸಿಪಾಲ್ಟಿ’ ಎಂದು ಹೆಸರಿಟ್ಟಿದ್ದಾನೆ. ಹಾಗೆ ಕರೆದಾಗ ಸಿಟ್ಟು ಬರುತ್ತಿತ್ತು, ಒಳಗೊಳಗೆ ಹೆಮ್ಮೆಯೂ ಆಗುತ್ತಿತ್ತು. ಹೋದ ವರ್ಷ ಮಗಳ ಮದುವೆ ಮಾಡಿದ ಮೇಲೆ ಆ ಹೆಮ್ಮೆ ಉಳಿದಿಲ್ಲ.

ನಮ್ಮ ಕಡೆ ಮದುಮಗಳ ಪಕ್ಕದಲ್ಲಿ ಕಳಸ ಹಿಡಿದು ನಿಲ್ಲುವ ಹುಡುಗಿಗೆ ಕಳಸಗಿತ್ತಿ ಎನ್ನುತ್ತಾರೆ. ನನ್ನ ಮದುವೆಯಲ್ಲಿ ಒಬ್ಬಳೇ ಇದ್ದಳು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ನಿಂತಿದ್ದಳು. ಈಗ ಗೆಳತಿಯರೆಲ್ಲ ಸೇರಿ ಒಂದು ದಂಡು. ಎಲ್ಲರಿಗೂ ಒಂದೇ ಬಣ್ಣದ ಲೆಹಂಗಾ ಬೇಕು, ಯಾಕೆಂದರೆ ಫೋಟೋದವನು ಹಾಗೆ ಹೇಳುತ್ತಾನೆ. ಅದರ ಹಿಂದಿನ ಚಳಿಗಾಲದಲ್ಲಿ ರಾಮದುರ್ಗದಲ್ಲಿ ಗಂಡನ ಕಡೆಯವರ ಒಂದು ಮದುವೆಗೆ ಹೋಗಿದ್ದೆವು. ಅಲ್ಲಿಯ ಕಳಸಗಿತ್ತಿಯರು ನಡೆದಲ್ಲೆಲ್ಲ ಚಮಕಿ ಉದುರುತ್ತಿತ್ತು. ಊಟಕ್ಕೆ ಕೂತರೆ ನನ್ನ ಎಲೆಯ ಮೇಲೆ, ಗೋಧಿ ಹುಗ್ಗಿಯ ಅಂಚಿನಲ್ಲಿ, ಒಂದು ಚಮಕಿ ಹೊಳೆಯುತ್ತಿತ್ತು. ಕೆಲವು ದಿನ ಬಿಟ್ಟು ಅವರಲ್ಲೊಬ್ಬಳನ್ನು ಆ ಲೆಹಂಗಾ ಏನಾಯಿತೆಂದು ಕೇಳಿದೆ. ಕಪಾಟಿನಲ್ಲಿದೆ, ಮೈಗೆ ಚುಚ್ಚುತ್ತದೆ, ಮತ್ತೆಲ್ಲಿ ಹಾಕಿಕೊಳ್ಳಲಿ ಎಂದಳು. ಒಂದು ದಿನದ ಫೋಟೋಗೋಸ್ಕರ ಕೊಳೆಯದ, ಹರಿಯದ, ಯಾರೂ ಹಾಕಿಕೊಳ್ಳದ ಬಟ್ಟೆಯ ರಾಶಿ. ನನ್ನ ಮಗಳ ಮದುವೆಯಲ್ಲಿ ಇದು ಆಗಕೂಡದು ಎಂದು ಅಂದೇ ತೀರ್ಮಾನಿಸಿದೆ.

ಮಗಳು ಮುಖ ಊದಿಸಿಕೊಂಡಳು. ಅವಳೂ ಬೆಳಗಾವಿಯ ಅಂಗಡಿಯ ಲೆಹಂಗಾಗಳನ್ನು ಫೋನಿನಲ್ಲಿ ಗೆಳತಿಯರಿಗೆ ಕಳಿಸಿ, ತಿಳಿ ಗುಲಾಬಿ ಬಣ್ಣವನ್ನು ಒಪ್ಪಿಸಿಬಿಟ್ಟಿದ್ದಳು. ಎರಡು ದಿನ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಆಮೇಲೆ ನಾನು ಒಂದು ಉಪಾಯ ಹೇಳಿದೆ. ಇಳಕಲ್ ಸೀರೆಯ ಮೈ ಯಾವ ಬಣ್ಣದ್ದೇ ಇರಲಿ, ಸೆರಗು ಮಾತ್ರ ಕೆಂಪು, ಅದರೊಳಗೆ ಬಿಳಿಯ ತೆನೆಯ ಚಿತ್ತಾರ. ಹಳೆಯ ನಾಲ್ಕು ಇಳಕಲ್ ಸೀರೆ ತೆಗೆದುಕೊಂಡು ಮೈಯಿಂದ ಲಂಗ, ಸೆರಗಿನಿಂದ ದಾವಣಿ ಹೊಲಿಸಿದರೆ ನಾಲ್ವರೂ ಬೇರೆ ಬೇರೆ ಬಣ್ಣದಲ್ಲಿದ್ದೂ ಜೊತೆಯಾಗಿ ಕಾಣುತ್ತಾರೆ. ಮದುವೆಯಾದ ಮೇಲೆ ಲಂಗವನ್ನು ಕುರ್ತಾದ ಕೆಳಗೆ ಹಾಕಿಕೊಳ್ಳಬಹುದು, ದಾವಣಿ ದುಪಟ್ಟಾ ಆಗುತ್ತದೆ. ಮಗಳು ಗೆಳತಿಯರನ್ನು ಕೇಳಿದಳು. ಅವರು ನನಗಿಂತ ಜಾಣೆಯರು, ಕೂಡಲೇ ಒಪ್ಪಿದರು. ಲೆಹಂಗಾ ಎಲ್ಲರ ಮದುವೆಯಲ್ಲೂ ಇರುತ್ತದೆ, ಇದು ಯಾರೂ ಮಾಡಿಲ್ಲ ಎಂಬುದು ಅವರ ಲೆಕ್ಕ.

ತೀರಿಹೋದ ಅವ್ವನ ಸೀರೆಗಳಲ್ಲಿ ಮೂರು ಗಟ್ಟಿಮುಟ್ಟಾಗಿದ್ದವು: ಹಸಿರು, ನೇರಳೆ, ದಾಳಿಂಬೆ ಕೆಂಪು. ನಾಲ್ಕನೆಯದು ಸಿಗಲಿಲ್ಲ. ಆಗ ಅಟ್ಟದ ಮೇಲಿದ್ದ ಅತ್ತೆಯ ಟ್ರಂಕು ನೆನಪಾಯಿತು.

ಅತ್ತೆ ಅಂದರೆ ಸೋದರತ್ತೆ, ಅಪ್ಪನ ಒಬ್ಬಳೇ ತಂಗಿ. ಮನೋಳಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಮಲಪ್ರಭೆ ಏರಿ ಬಂದು ಅವರ ಓಣಿಗೆ ನೀರು ನುಗ್ಗಿದ ವರ್ಷ ಅವಳ ಮಗ ಸಾಮಾನೆಲ್ಲ ಟೆಂಪೋದಲ್ಲಿ ಹೇರಿ ನಮ್ಮ ಮನೆಗೆ ತಂದಿದ್ದ. ನೀರು ಇಳಿದ ಮೇಲೆ ಉಳಿದದ್ದೆಲ್ಲ ವಾಪಸ್ಸು ಹೋಯಿತು, ಈ ಟ್ರಂಕು ಮಾತ್ರ ಇರಲಿ ಎಂದು ಅತ್ತೆಯೇ ಬಿಟ್ಟುಹೋದಳು. ಅಪ್ಪನಿಗೆ ನಾನೊಬ್ಬಳೇ ಮಗಳು. ಮದುವೆಯಾದ ಮೇಲೂ ಅಪ್ಪನ ಮನೆಯಲ್ಲೇ ಇದ್ದೇನೆ. ಅಪ್ಪ ತೀರಿಕೊಂಡಿದ್ದಾನೆ, ಹೀಗಾಗಿ ಅತ್ತೆಯ ತವರು ಎಂದರೆ ಈಗ ನಾನೇ. ಈ ಮಾತನ್ನು ಇವತ್ತು ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ, ಆಗ ಅದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

ಫೋನ್ ಮಾಡಿ ಕೇಳಿದೆ. ಅತ್ತೆ ಖುಷಿಯಿಂದಲೇ ಹೇಳಿದಳು: “ಉಟ್ಟು ಬಿಟ್ಟಿದ್ದು ಅದಾವು, ಎಷ್ಟರ ತಗೋಳವಾ. ನನಗೇನ ಮಾಡೂದೈತಿ.”

ಟ್ರಂಕು ತೆಗೆದರೆ ಬಜೆಯ ಘಾಟು. ಉಟ್ಟು ಬಿಟ್ಟ ಸೀರೆಗಳು ಮೇಲೆಯೇ ಇದ್ದವು. ಎತ್ತಿ ಬೆಳಕಿಗೆ ಹಿಡಿದೆ. ಸೊಂಟಕ್ಕೆ ಸಿಕ್ಕಿಸುವ ಕಡೆಯಲ್ಲೆಲ್ಲ ಜಾಳಾಗಿ, ಲಂಗದ ನೆರಿಗೆ ತಡೆಯುವಂತಿರಲಿಲ್ಲ. ಎಲ್ಲದಕ್ಕಿಂತ ಕೆಳಗೆ ಬಿಳಿ ಧೋತರದ ತುಂಡಿನಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದರೆ ನವಿಲು ಬಣ್ಣದ ಇಳಕಲ್ ಸೀರೆ. ಗಳಿಗೆ ಮುರಿದಿರಲಿಲ್ಲ, ಅಂದರೆ ಅಂಗಡಿಯ ಮಡಿಕೆ ಹಾಗೆಯೇ ಇತ್ತು, ಒಮ್ಮೆಯೂ ಉಟ್ಟದ್ದಲ್ಲ. ಮಡಿಕೆಯೊಳಗೆ ಒಂದು ವಿಭೂತಿ ಗಟ್ಟಿ ಇತ್ತು. ಹುಳ ಬೀಳದಿರಲಿ ಎಂದು ಇಟ್ಟಿರಬೇಕು ಎಂದುಕೊಂಡೆ.

ಅತ್ತೆ ಹೇಳಿದ್ದು ಉಟ್ಟು ಬಿಟ್ಟ ಸೀರೆ. ಇದು ಉಟ್ಟದ್ದಲ್ಲ ಎಂಬುದು ನನಗೆ ಚೆನ್ನಾಗಿ ಕಾಣುತ್ತಿತ್ತು. ಇನ್ನೊಮ್ಮೆ ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ ಬೇಡ ಅಂದಾಳು ಎಂದೇ ಕೇಳಲಿಲ್ಲ. ಜೊತೆಗೆ ನನ್ನ ಪಾಠ ನನ್ನ ಬಾಯಲ್ಲೇ ಸಿದ್ಧವಾಗಿತ್ತು: ಇಂಥ ಒಳ್ಳೆಯ ಬಟ್ಟೆಯನ್ನು ಉಡದೆ ಟ್ರಂಕಿನಲ್ಲಿ ಕೊಳೆಸುವುದೂ ಒಂದು ದುಂದುಗಾರಿಕೆಯೇ ಅಲ್ಲವೇ, ನಾಲ್ಕು ಜನರ ನಡುವೆ ಹಾಕಿಕೊಂಡು ಓಡಾಡಿದರೆ ನೇಯ್ದವನ ಕೈಗಾದರೂ ಬೆಲೆ. ಹೀಗೆ ನನಗೆ ನಾನೇ ಭಾಷಣ ಮಾಡಿಕೊಂಡು ಸೀರೆ ಎತ್ತಿಕೊಂಡೆ. ವಿಭೂತಿ ಗಟ್ಟಿಯನ್ನು ದೇವರ ಜಗಲಿಯ ಮೇಲಿಟ್ಟೆ. ದಿನಾ ಸ್ನಾನವಾದ ಮೇಲೆ ಅದನ್ನೇ ಹಣೆಗೆ ಹಚ್ಚಿಕೊಂಡು ಶಾಲೆಗೆ ಹೋದೆ.

ಬಜಾರದ ಟೇಲರ್ ಆ ಸೀರೆಯನ್ನು ಹಾಸಿ, ಗಳಿಗೆ ಮುರಿಯದ ಸೀರಿಗೆ ಕತ್ತರಿ ಹಾಕಲೇನ್ರಿ ಅಕ್ಕೋರ ಎಂದು ಕೇಳಿದ. ಹಾಕು ಎಂದೆ. ಕತ್ತರಿ ಸರಸರನೆ ಓಡಿದ್ದು, ಸೆರಗು ಬೇರೆಯಾಗಿ ಮೇಜಿನಿಂದ ಜಾರಿದ್ದು ಎಲ್ಲ ನೋಡುತ್ತಾ ನಿಂತಿದ್ದೆ. ಸಂಕಟವೇನೂ ಆಗಲಿಲ್ಲ. ಖುಷಿಯೇ ಆಗಿತ್ತು.

ಮದುವೆಗೆ ಎರಡು ದಿನ ಇರುವಾಗ, ಅರಿಷಿಣದ ದಿನ, ಅತ್ತೆ ಬಂದಳು. ಅಂಗಳದಲ್ಲಿ ಹಂದರ ಹಾಕಿಯಾಗಿತ್ತು. ಹುಡುಗಿಯರು ಆಗಷ್ಟೇ ಹೊಲಿಗೆಯಿಂದ ಬಂದ ಬಟ್ಟೆ ಹಾಕಿ ನೋಡುತ್ತಿದ್ದರು. ನವಿಲು ಬಣ್ಣದ ಲಂಗ ಬಂದದ್ದು ಸವದತ್ತಿಯಿಂದ ಬಂದಿದ್ದ ಮಗಳ ಕಾಲೇಜಿನ ಗೆಳತಿಗೆ. ಪಡಸಾಲೆಯಲ್ಲಿ ಕೂತಿದ್ದ ಅತ್ತೆಯ ಕಾಲಿಗೆ ಆ ಹುಡುಗಿ ನಮಸ್ಕಾರ ಮಾಡಲು ಬಗ್ಗಿದಳು. ಅವಳು ಎದ್ದರೂ ಅತ್ತೆಯ ಕೈ ಲಂಗದ ದಡಿಯನ್ನು ಹಿಡಿದುಕೊಂಡೇ ಇತ್ತು. ಹೊರಳಿಸಿ ನೋಡಿದಳು, ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿದಳು. ಯಾರು ಕೊಟ್ಟದ್ದೆಂದು ಕೇಳಿದಳು. ಹುಡುಗಿ ನನ್ನ ಕಡೆ ಕೈ ಮಾಡಿ ನಕ್ಕಳು. ಚಂದ ಕಾಣ್ತಿ ಎಂದು ಹೇಳಿ ಅತ್ತೆ ದಡಿ ಬಿಟ್ಟಳು. ನಾನು ಅದನ್ನು ಮೆಚ್ಚುಗೆ ಎಂದೇ ತಿಳಿದೆ.

ಸ್ವಲ್ಪ ಹೊತ್ತಿಗೆ ಅಡುಗೆಮನೆಗೆ ಬಂದಳು. ನಾನು ಅವಲಕ್ಕಿಗೆ ಒಗ್ಗರಣೆ ಇಟ್ಟಿದ್ದೆ. ಬೇರೆ ಯಾರೂ ಇರಲಿಲ್ಲ. ನನ್ನ ಮುಖ ನೋಡದೆ ಕೇಳಿದಳು:

“ಆ ಸೀರಿಯೊಳಗ ಒಂದ ಈಬತ್ತಿ ಗಟ್ಟಿ ಇಟ್ಟಿದ್ನಿ. ಅದ ಎಲ್ಲೈತಿ?”

ಆ ಒಂದು ಮಾತಿಗೆ ಎಲ್ಲವೂ ತಿಳಿಯಿತು, ನಮ್ಮ ಕಡೆ ಹುಟ್ಟಿದ ಯಾವ ಹೆಂಗಸಿಗಾದರೂ ತಿಳಿಯುತ್ತಿತ್ತು. ನಮ್ಮಲ್ಲಿ ಹೆಣ್ಣುಮಗಳು ತೀರಿಕೊಂಡರೆ ಅವಳ ಮೈಮೇಲಿನ ಕೊನೆಯ ಸೀರೆ ತವರುಮನೆಯದಾಗಿರಬೇಕು. ತವರಿನ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿಯೇ ಮಣ್ಣಿಗೆ ಒಯ್ಯುವುದು. ಅವ್ವ ಹೋದಾಗ ಅವಳ ತವರಿನವರ ಬಸ್ಸು ತಡವಾಗಿ, ಅವರು ಸೀರೆ ತರುವ ತನಕ ಎಲ್ಲರೂ ಕಾಯ್ದದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಅತ್ತೆ ತನ್ನ ಕೊನೆಗೆ ಬೇಕಾದುದನ್ನು ತಾನೇ ಗಂಟು ಕಟ್ಟಿ ಇಟ್ಟುಕೊಂಡಿದ್ದಳು. ಅಂದರೆ ಅದು ಅಪ್ಪ ಅವಳಿಗೆ ಕೊಟ್ಟ ಕೊನೆಯ ನಾಗರಪಂಚಮಿಯ ಸೀರೆಯೇ ಇರಬೇಕು. ಅಪ್ಪ ಪ್ರತಿ ವರ್ಷ ರಾಮದುರ್ಗಕ್ಕೆ ಹೋಗಿ, ನೇಕಾರರ ಮನೆಯಿಂದಲೇ ಆರಿಸಿ ತಂಗಿಗೆ ಸೀರೆ ತರುತ್ತಿದ್ದ.

ಇನ್ನೊಂದು ಮಾತು ಬರೆಯಬೇಕು, ಬರೆಯಲು ನಾಚಿಕೆಯಾಗುತ್ತದೆ. ಆ ಕ್ಷಣ ನನಗೆ ಮೊದಲು ನೆನಪಾದದ್ದು ಅತ್ತೆಯಲ್ಲ, ಮಗಳು. ಸಾವಿಗೆಂದು ಎತ್ತಿಟ್ಟ ಬಟ್ಟೆ ತೊಟ್ಟ ಹುಡುಗಿ ನನ್ನ ಮಗಳ ಪಕ್ಕದಲ್ಲಿ ಕಳಸ ಹಿಡಿದು ನಿಲ್ಲುತ್ತಾಳೆ. ಮೂಢನಂಬಿಕೆಯ ವಿರುದ್ಧ ವರ್ಷಾ ವರ್ಷಾ ಮಕ್ಕಳಿಂದ ನಾಟಕ ಆಡಿಸುವ ನಾನು ಒಲೆಯ ಮುಂದೆ ಬೆವರುತ್ತಾ ನಿಂತಿದ್ದೆ. ಲಂಗ ಬದಲಿಸುತ್ತೇನೆ ಅತ್ತಿ, ಏನಾದರೂ ನೆವ ಹೇಳುತ್ತೇನೆ ಎಂದೆ. ನನ್ನ ತಪ್ಪಿಗೆ ಕ್ಷಮೆ ಕೇಳುವ ಮೊದಲೇ ಇದನ್ನು ಹೇಳಿದೆ. ಅತ್ತೆಗೆ ಅದು ತಿಳಿಯದೇ ಇರಲಿಲ್ಲ.

“ಆ ಹುಡಿಗಿ ಕಣ್ಣಾಗ ನೀರ ತರಸಬ್ಯಾಡ,” ಎಂದಳು. “ಮದಿವಿ ಮನಿ ಐತಿ. ನಾ ಏನ ಇಟ್ಟಿದ್ನಿ, ನೀ ಏನ ತಗದಿ, ಯಾರಿಗೂ ಗೊತ್ತಾಗಬಾರದು. ಬಾಯಿ ಮುಚಗೊಂಡು ಒಗ್ಗರಣಿ ನೋಡು, ಸೀಯಾಕ ಹತ್ತೈತಿ.”

ಜಗಲಿಯ ಮೇಲಿನ ವಿಭೂತಿ ಗಟ್ಟಿ ತಂದುಕೊಟ್ಟೆ. ನನ್ನ ಬೆರಳು ತಾಗಿ ತಾಗಿ ಒಂದು ಬದಿ ಸವೆದಿತ್ತು. ಅತ್ತೆ ಅದನ್ನು ಅಂಗೈಯಲ್ಲಿ ಹಿಡಿದು ನೋಡಿದಳು, ಸೊಂಟದ ಸಂಚಿಗೆ ಸೇರಿಸಿಕೊಂಡಳು. ಹೊರಗೆ ಹೋಗಿ ಮದುಮಗಳಿಗೆ ಎಲ್ಲರಿಗಿಂತ ಮುಂದಾಗಿ ಅರಿಷಿಣ ಹಚ್ಚಿದಳು, ಹಾಡು ಹೇಳಿದಳು. ಅವಳ ದನಿ ಎಲ್ಲೂ ನಡುಗಲಿಲ್ಲ.

ಮದುವೆ ಚೆನ್ನಾಗಿ ಆಯಿತು. ಚೆನ್ನಾಗಿ ಆದದ್ದೇ ನನಗೆ ಕಷ್ಟವಾಯಿತು. ಬಂದವರೆಲ್ಲ ಹುಡುಗಿಯರ ಬಟ್ಟೆಯನ್ನು ಹೊಗಳಿದರು. ಹೆಂಗಸರು ಸೆರಗಿನ ದಾವಣಿಯನ್ನು ಮುಟ್ಟಿ ಮುಟ್ಟಿ ನೋಡಿ, ಟೇಲರ್ ಯಾರೆಂದು ಕೇಳಿದರು. ಗಂಡ ಕೂಡ, ಮುನ್ಸಿಪಾಲ್ಟಿ ಈ ಸಲ ಗೆದ್ದಿತು ಎಂದು ನಾಲ್ಕು ಜನರ ಎದುರು ನಕ್ಕ. ನಮ್ಮ ಹೆಡ್‌ಮಾಸ್ತರರಂತೂ ಹಳೆಯ ಬಟ್ಟೆಯ ಮರುಬಳಕೆ ಕುರಿತು ಮಕ್ಕಳಿಗೆ ಒಂದು ದಿನ ಮಾತಾಡಿರಿ ಎಂದರು. ಒಂದೊಂದು ಹೊಗಳಿಕೆಗೂ ನಾನು ಅತ್ತೆಯ ಕಡೆ ನೋಡುತ್ತಿದ್ದೆ. ಅವಳು ಮುಂದಿನ ಸಾಲಿನಲ್ಲಿ ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಕೂತಿದ್ದಳು. ಎಲ್ಲರ ಕಣ್ಣು ಮದುಮಗಳ ಮೇಲಿದ್ದರೆ ಅವಳ ಕಣ್ಣು ಆ ನವಿಲು ಬಣ್ಣದ ಮೇಲಿತ್ತು. ಬೀಗರು ತಾಂಬೂಲ ಕೊಡಲು ಬಂದಾಗಲೂ ಅವಳಿಗೆ ತಿಳಿಯಲಿಲ್ಲ, ಪಕ್ಕದವರು ಮುಟ್ಟಿ ಕರೆಯಬೇಕಾಯಿತು.

ಆ ಲಂಗ ನಾನು ಹೇಳಿದಂತೆಯೇ ಮತ್ತೆ ಮತ್ತೆ ಬಳಕೆಯಾಯಿತು. ಸವದತ್ತಿಯ ಹುಡುಗಿ ಅದನ್ನು ಕಾಲೇಜಿಗೆ ಹಾಕಿಕೊಂಡಳು, ದೇವಿಯ ಗುಡ್ಡಕ್ಕೆ ಹೋಗುವಾಗ ಹಾಕಿಕೊಂಡಳು, ಪ್ರತಿ ಸಲವೂ ಫೋಟೋ ತೆಗೆದು ನನಗೆ ಕಳಿಸಿದಳು. ಪಾಪ, ನನಗೆ ಸಂತೋಷವಾಗಲಿ ಎಂದು. ಫೋನ್ ಟಿಣ್ ಎಂದರೆ ತೆಗೆದು ನೋಡಲು ಹೊತ್ತು ಹಿಡಿಯುತ್ತಿತ್ತು. ಬಹಳ ಚಂದ ಎಂದು ಉತ್ತರ ಬರೆಯುತ್ತಿದ್ದೆ.

ಜೂನಿನಲ್ಲಿ ಮಿರ್ಗದ ಮಳೆ ಬೀಳುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ರಾಮದುರ್ಗಕ್ಕೆ ಹೋದೆ. ಅಪ್ಪ ಹೋಗುತ್ತಿದ್ದ ಓಣಿಯನ್ನು ಕೇಳಿ ಕೇಳಿ ಹುಡುಕಿ, ಅಂಥದೇ ನವಿಲು ಬಣ್ಣದ, ಅಂಥದೇ ದಡಿಯ ಸೀರೆ ಕೊಂಡೆ. ಅಲ್ಲಿಂದ ಸವದತ್ತಿಗೆ ಬಂದು, ಬಸ್ಸು ಬದಲಿಸಿ ಮನೋಳಿಗೆ ಹೋದೆ. ದಾರಿಯುದ್ದಕ್ಕೂ ಚೀಲ ತೊಡೆಯ ಮೇಲಿತ್ತು. ಎಷ್ಟೋ ದಿನಗಳ ಮೇಲೆ ಮನಸ್ಸು ಹಗುರಾಗಿತ್ತು.

ಅತ್ತೆ ಹೊರಸಿನ ಮೇಲೆ ಕೂತು ಹೆಸರುಕಾಳು ಹಸನು ಮಾಡುತ್ತಿದ್ದಳು. ಸೊಸೆ ಚಹಾ ಇಟ್ಟು ಹಿತ್ತಿಲಿಗೆ ಹೋದಳು. ನಾನು ಸೀರೆಯನ್ನು ತೆಗೆದು ಅವಳ ಪಕ್ಕದಲ್ಲಿಟ್ಟೆ, ಅಂಥದೇ ತಂದೀನಿ ಅತ್ತಿ ಎಂದೆ. ಅವಳು ಅದನ್ನು ಮುಟ್ಟಲಿಲ್ಲ. ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

“ನಿಮ್ಮಪ್ಪ ಅದನ್ನ ಪಂಚಮಿಗೆ ಉಡಲಿ ಅಂತ ಕೊಟ್ಟಿದ್ದ. ಮಣ್ಣಿಗೆ ಅಂತ ಇಟಗೊಂಡಾಕಿ ನಾ,” ಎಂದಳು. “ನೀ ಇದನ್ನ ಮಣ್ಣಿಗೇ ಅಂತ ತಂದಿ. ನಾ ಇನ್ನೂ ಕುಂತೇನಿ.”

ಮುಖಕ್ಕೆ ಹೊಡೆದಂತಾಯಿತು. ಬದುಕಿರುವ ಹೆಣ್ಣುಮಗಳಿಗೆ ಅಂಥ ಸೀರೆಯನ್ನು ಯಾವ ತವರಿನವರೂ ತರುವುದಿಲ್ಲ. ನಾನು ಬಸ್ಸು ಹತ್ತಿ, ಚೀಲವನ್ನು ಮಗುವಿನಂತೆ ಹಿಡಿದುಕೊಂಡು, ನಗುತ್ತಾ ತಂದಿದ್ದೆ. ನನ್ನ ಭಾರ ಇಳಿಸಿಕೊಳ್ಳುವ ಅವಸರದಲ್ಲಿ ಅವಳ ಕಣ್ಣೆದುರು ಅವಳ ಸಾವನ್ನೇ ಇಟ್ಟಿದ್ದೆ. ಹಂಗಲ್ಲ ಅತ್ತಿ, ನೀ ಉಡು, ಇವತ್ತೇ ಉಡು ಎಂದು ಏನೇನೋ ತೊದಲಿದೆ. ಯಾಕೆ ಅದನ್ನು ನೀ ಉಡದೆ ಇಟ್ಟುಕೊಂಡಿದ್ದೆ, ಉಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂದೂ ಅಂದುಬಿಟ್ಟೆ. ತಪ್ಪು ಮಾಡಿದವರಿಗೆ ಬಾಯಿ ಜೋರು.

“ನಿಮ್ಮಪ್ಪ ಹ್ವಾದ ಮ್ಯಾಲೆ ಆ ಮನಿಯಿಂದ ನನಗ ಒಂದ ಸೀರಿ ಬಂದಿಲ್ಲ,” ಎಂದಳು ಅತ್ತೆ. “ಮುಂದರ ಬರತೈತೋ ಇಲ್ಲೋ. ಅದಕ್ಕ ಎತ್ತಿ ಇಟ್ನಿ.”

ಸಿಟ್ಟಿನಿಂದ ಹೇಳಲಿಲ್ಲ, ಕಾಳು ಹಸನು ಮಾಡುತ್ತಲೇ ಹೇಳಿದಳು. ಅಪ್ಪ ಹೋದ ಮೇಲೆ ಪಂಚಮಿಗೆ ನಾನು ಅವಳಿಗೆ ಕೊಟ್ಟದ್ದು ಒಂದು ವರ್ಷ ಕರಿಬೇವಿನ ಸಸಿ, ಇನ್ನೊಂದು ವರ್ಷ ಬಟ್ಟೆಯ ಚೀಲ, ಆಮೇಲೊಮ್ಮೆ ಸ್ಟೀಲಿನ ಬಾಟಲಿ. ಇದ್ದ ಸೀರೆಯನ್ನೇ ಉಡುವುದಿಲ್ಲ, ಮತ್ತೆ ಮತ್ತೆ ಯಾಕೆ ಸೀರೆ ಎಂದು ಅವಳಿಗೇ ಪಾಠ ಹೇಳಿದ್ದೆ. ಅವಳು ಹೂಂ ಎಂದು ಕೇಳಿಸಿಕೊಂಡು ಸಸಿಯನ್ನು ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ಹೋಗಿದ್ದಳು. ತವರಿನಿಂದ ಇನ್ನು ಸೀರೆ ಬಾರದು ಎಂದು ಅವಳು ಅರ್ಥ ಮಾಡಿಕೊಂಡಿದ್ದಳು, ಆ ತವರು ನಾನು.

ಆ ಸೀರೆಯನ್ನು ವಾಪಸ್ಸು ತಂದೆ. ನೀನ ಉಡು ಎಂದಿದ್ದಳು. ಶಾಲೆಗೆ ಉಟ್ಟುಕೊಂಡು ಹೋಗುತ್ತೇನೆ. ಹುಡುಗಿಯರು ಚೆನ್ನಾಗಿದೆ ಎನ್ನುತ್ತಾರೆ. ಉಟ್ಟ ದಿನವೆಲ್ಲ ಅದು ನನ್ನ ಮೈಮೇಲೆ ಭಾರವಾಗಿರುತ್ತದೆ.

ಶ್ರಾವಣದಲ್ಲಿ ಪಂಚಮಿ ಬಂತು. ನಾನೇ ಮನೋಳಿಗೆ ಹೋಗಿ ಅತ್ತೆಯನ್ನು ಕರೆದುಕೊಂಡು ಬಂದೆ. ಉಂಡಿ ಕಟ್ಟಿದ್ದೆ, ಅಪ್ಪನ ಕಾಲದಂತೆ ಜೋಕಾಲಿಯನ್ನೂ ಕಟ್ಟಿಸಿದ್ದೆ. ಹಾಲೆರೆದು ಬಂದ ಮೇಲೆ ಅವಳ ಕೈಗೆ ಹೊಸ ಸೀರೆ ಕೊಟ್ಟೆ. ಈ ಸಲ ನವಿಲು ಬಣ್ಣದ ಹತ್ತಿರವೂ ಹೋಗಿರಲಿಲ್ಲ, ದಾಳಿಂಬೆ ಬಣ್ಣದ್ದು. ಪಂಚಮಿಗೆ ಅತ್ತಿ, ಉಡಾಕ ಎಂದೆ. ಅತ್ತೆ ಸೀರೆಯನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋಗಿ ಗಳಿಗೆ ಮುರಿದು ಉಟ್ಟುಕೊಂಡು ಬಂದಳು. ಇಡೀ ದಿನ ಅದರಲ್ಲೇ ಓಡಾಡಿದಳು. ಓಣಿಯ ಹೆಂಗಸರಿಗೆಲ್ಲ ತೋರಿಸಿದಳು. ಮುಗಿಯಿತು, ಇನ್ನು ನನ್ನ ತಪ್ಪು ತೀರಿತು ಎಂದುಕೊಂಡೆ.

ಮರುದಿನ ಹೊರಡುವ ಹೊತ್ತಿಗೆ ನೋಡಿದರೆ ಹಳೆಯ ಸೀರೆಯಲ್ಲೇ ಇದ್ದಳು. ಹೊಸದನ್ನು ಮಂಚದ ಮೇಲೆ ಹಾಸಿ, ಅಂಗಡಿಯವರು ಮಡಿಸಿದ್ದ ಗೆರೆಗಳ ಮೇಲೆಯೇ ಮತ್ತೆ ಮಡಿಸುತ್ತಿದ್ದಳು. ಪಕ್ಕದಲ್ಲಿ ಬಿಳಿ ಧೋತರದ ತುಂಡು ಇತ್ತು. ಉಟ್ಟುಕೊಂಡೇ ಹೋಗು ಅತ್ತಿ, ಬರುವ ವರ್ಷ ಇನ್ನೊಂದು ಕೊಡುತ್ತೇನಲ್ಲ ಎಂದೆ.

ಅವಳು ಮಡಿಸುವುದನ್ನು ನಿಲ್ಲಿಸಲಿಲ್ಲ.

“ಕೊಡು,” ಎಂದಳು. “ನೀ ಕೊಟ್ಟ ಮ್ಯಾಲೆ ಇದನ್ನ ಉಡತೇನಿ.”